ಕೋಳಿಗೆ ಹಾಕೋ ಜೋಳ

"ಏನ್ ಊಟ ಮಾಡ್ದೆ ಮಗ?" ಅಂತ ಅಮ್ಮ ಕೇಳಿದ್ದಕ್ಕೆ "ಮುಸುಕಿನ ಜೋಳದ ರೊಟ್ಟಿ" ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಅಮೆರಿಕಕ್ ಹೋಗಿ ಕೋಳಿಗೆ ಹಾಕೋದನ್ನ ತಿಂತಿದೀಯಾ?"

ಅಮ್ಮನ ತಪ್ಪೇನಿಲ್ಲ. ನಮ್ಮೂರು ಬಾಗೂರು, ಚನ್ನರಾಯಪಟ್ಟಣ ತಾಲ್ಲೂಕು. ಹೇಮಾವತಿ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು-ನವಿಲೆ ಸುರಂಗದಿಂದಾಗಿ ಊರಿನ ಹೆಸರು ಕೇಳಿರ್ತೀರಿ. ನಮ್ಮ ಮನೆಯಲ್ಲಿ ಊಟಕ್ಕೆ ರಾಗಿ, ಖರ್ಚಿಗೆ ತೆಂಗು. ಮುಸುಕಿನ ಜೋಳ ಅಂದ್ರೆ ಬೆಳೆದು, ಬಿಡಿಸಿ, ಒಣಗಿಸಿ, ಚೀಲ ತುಂಬಿ ವ್ಯಾಪಾರಿಗೆ ಕೊಡೋದು. ಅಲ್ಲಿಂದ ಅದು ಕೋಳಿ ಫಾರಂ ದಾರಿ ಹಿಡಿಯುತ್ತೆ. ಎಳೆ ತೆನೆ ಸುಟ್ಟು ಉಪ್ಪು-ಖಾರ ಹಚ್ಚಿ ತಿನ್ನೋದು ಬಿಟ್ರೆ ನಮ್ಮ ಅಡುಗೆಮನೆ ಹೊಸ್ತಿಲನ್ನು ಅದು ದಾಟಿದ್ದೇ ಇಲ್ಲ.

ಫೋನಲ್ಲಿ ಅಮ್ಮನಿಗೆ ಹೇಳದ ವಿಷಯ ಇನ್ನೊಂದಿತ್ತು. ಅವತ್ತಿಗೆ ನನ್ನ ಕೆಲಸ ಹೋಗಿ ಒಂಬತ್ತು ದಿನ ಆಗಿತ್ತು.

2023ರ ಮಾರ್ಚ್. ಕ್ಯಾಲಿಫೋರ್ನಿಯಾದ ಸನಿವೇಲ್. ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದರೆ ಲಾಗಿನ್ ಆಗಲಿಲ್ಲ, ಅಷ್ಟೇ. ಎಚ್-1ಬಿ ವೀಸಾದಲ್ಲಿ ಇರೋರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ನಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಮನೆಯಲ್ಲಿ ಕೂತು ದಿನ ಎಣಿಸಿದ್ರೆ ತಲೆ ಕೆಡುತ್ತೆ ಅಂತ ಮಧ್ಯಾಹ್ನ ನಡೆಯೋಕೆ ಹೊರಡ್ತಿದ್ದೆ. ಸಮೋಸ, ಚಾಟ್ ಕೊಡುವ ಇಂಡಿಯನ್ ಅಂಗಡಿಯೂ ಹತ್ತಿರದಲ್ಲೇ ಇತ್ತು. ಆದರೆ ಅಲ್ಲಿ ಪರಿಚಯದವರು ಸಿಗ್ತಾರೆ. ಮಂಗಳವಾರ ಹನ್ನೆರಡು ಗಂಟೆಗೆ ಇಲ್ಲೇನ್ರಿ ಅಂತಾರೆ. ಆ ಪ್ರಶ್ನೆ ತಪ್ಪಿಸಿಕೊಳ್ಳೋಕೆ ರಸ್ತೆ ದಾಟಿ ಮೆಕ್ಸಿಕನ್ ದಿನಸಿ ಅಂಗಡಿಗೆ ನುಗ್ಗಿದವನು ನಾನು.

ಒಳಗೆ ಹೋದ್ರೆ ಸೂರಿನಿಂದ ಬಣ್ಣದ ಕಾಗದದ ಕತ್ತೆ, ನಕ್ಷತ್ರ ನೇತಾಡ್ತಿವೆ. ಮಕ್ಕಳ ಹುಟ್ಟುಹಬ್ಬದಲ್ಲಿ ಕೋಲಲ್ಲಿ ಒಡೆಯುವ ಪಿನ್ಯಾಟ ಅವು. ಗ್ವಾಡಲೂಪೆ ಮಾತೆಯ ಚಿತ್ರವಿರುವ ಮೇಣದಬತ್ತಿಗಳ ಸಾಲು. ಊರಿಗೆ ದುಡ್ಡು ಕಳಿಸುವ ಕೌಂಟರ್ ಮುಂದೆ ಕ್ಯೂ. ತರಕಾರಿ ಕಡೆ ಬಂದಾಗ ನಿಂತುಬಿಟ್ಟೆ. ಸೀಮೆಬದನೆಕಾಯಿ, ಸೀಬೆಹಣ್ಣು, ಹುಣಸೆಹಣ್ಣು, ಮಾರುದ್ದದ ಒಣಮೆಣಸಿನಕಾಯಿ ಚೀಲಗಳು. ನಮ್ಮಲ್ಲಿ ಬೇಲಿಗೆ ಬಿಟ್ಟಿರುವ ಪಾಪಾಸುಕಳ್ಳಿಯ ಎಲೆಗಳನ್ನು ಮುಳ್ಳು ಸವರಿ, ಹೆಚ್ಚಿ, ಪಲ್ಯಕ್ಕೆ ತಯಾರು ಮಾಡಿ ಇಟ್ಟಿದ್ದಾರೆ! ಪುಂಡಿ ಗಿಡದ ಕೆಂಪು ಹೂವನ್ನು ಒಣಗಿಸಿ ಕೆಜಿಗಟ್ಟಲೆ ಮಾರ್ತಿದ್ದಾರೆ. ನೀರಲ್ಲಿ ಕುದಿಸಿ ಸಕ್ಕರೆ ಹಾಕಿದ್ರೆ ಅದೇ 'ಹಮೈಕ' ಪಾನಕ.

ಅಂಗಡಿಯ ತುದಿಯಲ್ಲಿ ಮಾಂಸದ ಕೌಂಟರ್, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಟಕೇರಿಯ. ಐದಾರು ಪ್ಲಾಸ್ಟಿಕ್ ಟೇಬಲ್ಲು, ಒಂದು ಟಿವಿ, ಅದರಲ್ಲಿ ಯಾವಾಗಲೂ ಫುಟ್‌ಬಾಲ್. ಈ ಲೆಕ್ಕಾಚಾರ ನನಗೆ ಇಷ್ಟ ಆಯ್ತು. ಮಾಂಸ ಪಕ್ಕದ ಕೌಂಟರಿಂದ, ಕೊತ್ತಂಬರಿ-ಈರುಳ್ಳಿ ಹಿಂದಿನ ಸಾಲಿಂದ, ರೊಟ್ಟಿ ಅವರದ್ದೇ ಯಂತ್ರದಿಂದ. ಹೊರಗಿಂದ ತರೋದು ಏನೂ ಇಲ್ಲ, ಅದಕ್ಕೇ ಒಂದು ಟಾಕೊ ಎರಡೂವರೆ ಡಾಲರಿನ ಆಸುಪಾಸಿನಲ್ಲಿ ಸಿಗ್ತಿತ್ತು. ಮೂರು ತಿಂದ್ರೆ ಊಟ ಮುಗೀತು.

ನನ್ನದು ಯಾವಾಗಲೂ ಬಿರಿಯಾ. ಬಿರಿಯಾನಿ ಅಲ್ಲ. ಮೆಕ್ಸಿಕೋದ ಹಲಿಸ್ಕೊ ಪ್ರಾಂತ್ಯದ ಅಡುಗೆ. ಅಲ್ಲಿಯ ಮೂಲ ಕ್ರಮದಲ್ಲಿ ಆಡಿನ ಮಾಂಸವನ್ನು ಒಣಮೆಣಸಿನಕಾಯಿ ಮಸಾಲೆಯಲ್ಲಿ ಗಂಟೆಗಟ್ಟಲೆ ಬೇಯಿಸೋದು. ಈಗ ಬಹಳ ಕಡೆ ದನದ ಮಾಂಸ, ಆದ್ದರಿಂದ ಮೊದಲೇ "ಚೀವೊ?" ಅಂತ ಕೇಳಿ ಆಡಿನದೇ ಅಂತ ಖಾತ್ರಿ ಮಾಡ್ಕೊಳ್ತಿದ್ದೆ. ಜೊತೆಗೆ ಲೋಟದಲ್ಲಿ ಸಾರು ಕೊಡ್ತಾರೆ. ರೊಟ್ಟಿ ಅದರಲ್ಲಿ ಅದ್ದಿ ಬಾಯಿಗಿಟ್ರೆ, ಭಾನುವಾರ ನಮ್ಮ ಮನೆಯ ಮಟನ್ ಸಾರಿಗೆ ಮುದ್ದೆ ಮುರಿದ ಹಾಗೇ. ನಾನು ಅಗಿಯದೆ ನುಂಗೋಕೆ ನೋಡಿ ಒಂದ್ಸಲ ಗಂಟಲಿಗೆ ಸಿಕ್ಕಿಸಿಕೊಂಡಿದ್ದೂ ಇದೆ.

ಕೌಂಟರ್ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಅಕ್ಕ ಇರ್ತಿದ್ದರು. ನನ್ನನ್ನು "ಮಿಹೋ" ಅಂತ ಕರೀತಿದ್ದರು. 'ನನ್ನ ಮಗ' ಅನ್ನೋದರ ಚುಟುಕು ರೂಪ ಅಂತ ಆಮೇಲೆ ಗೊತ್ತಾಯ್ತು. ನಾಲ್ಕನೇ ವಾರವೋ ಏನೋ, ಗಿರಾಕಿ ಕಡಿಮೆ ಇದ್ದಾಗ ಕೇಳಿದೆ: ಈ ರೊಟ್ಟಿ ಬಿರಿಯದೆ ಮಡಚೋಕೆ ಹೇಗೆ ಬರುತ್ತೆ? ಅವರು "ಕಾಲ್" ಅಂದರು. ನನಗೆ ನೆನಪಾಗಿದ್ದು ಕಾಲುಸೂಪು. ಅಲ್ಲ ಅಲ್ಲ ಅಂತ ನಗುತ್ತಾ ಹೋಗಿ ಶೆಲ್ಫಿನಿಂದ ಒಂದು ಪೊಟ್ಟಣ ತಂದು ತೋರಿಸಿದರು. ಬಿಳಿ ಪುಡಿ. ಬೆರಳಿಗೆ ಹಚ್ಚಿಕೊಂಡ ತಕ್ಷಣ ಗೊತ್ತಾಯ್ತು. ನಮ್ಮಜ್ಜಿಯ ಎಲೆಅಡಿಕೆ ಚೀಲದಲ್ಲಿ ಇರ್ತಿದ್ದ ಸುಣ್ಣ!

ಕೆಲಸ ಇಲ್ಲದವನಿಗೆ ಓದೋಕೆ ಟೈಮಿಗೇನು ಬರ. ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೊಳೆದು ರುಬ್ಬೋದಕ್ಕೆ 'ನಿಕ್ಸ್ಟಮಲ್' ಮಾಡೋದು ಅಂತಾರೆ. ಹಿಟ್ಟಿಗೆ ಜಿಗುಟು ಬರೋದು ಅದರಿಂದಲೇ. ಇನ್ನೂ ದೊಡ್ಡ ವಿಷಯ ಅಂದ್ರೆ, ಜೋಳದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುವ ನಿಯಾಸಿನ್ ಎಂಬ ಬಿ ವಿಟಮಿನ್ ಸುಣ್ಣದಿಂದಾಗಿ ಮೈಗೆ ದಕ್ಕುತ್ತೆ. ಸುಮಾರು 9,000 ವರ್ಷದ ಹಿಂದೆ ಜೋಳವನ್ನು ಪಳಗಿಸಿದ್ದು ಮೆಕ್ಸಿಕೋದ ಜನ. ಯುರೋಪಿನವರು ಕಾಳು ಒಯ್ದರು, ಸುಣ್ಣ ಬಿಟ್ಟು ಹೋದರು. ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಜೋಳವನ್ನೇ ನಂಬಿ ಬದುಕಿದ ಬಡವರಿಗೆ ಪೆಲಾಗ್ರ ಬಂತು. ಚರ್ಮ ಸುಲಿದು, ಭೇದಿ ಹತ್ತಿ, ಕೊನೆಗೆ ಬುದ್ಧಿ ಭ್ರಮಣೆ. ಇದು ಅಂಟುರೋಗವಲ್ಲ, ಊಟದ ಕೊರತೆ ಅಂತ ತೋರಿಸೋಕೆ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ವರ್ಷಗಟ್ಟಲೆ ಹೆಣಗಬೇಕಾಯ್ತು. ನಿಯಾಸಿನ್ನೇ ಮದ್ದು ಅಂತ ಗೊತ್ತಾಗಿದ್ದು 1937ರಲ್ಲಿ.

ಓದ್ತಾ ಓದ್ತಾ ನಮ್ಮ ಹೊಯ್ಸಳರೂ ಸಿಕ್ಕಿದರು. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಇರೋದು ಮುಸುಕಿನ ಜೋಳದ ತೆನೆ, ಅಂದ್ರೆ ಕೊಲಂಬಸ್‌ಗಿಂತ ಮೊದಲೇ ಅದು ಇಲ್ಲಿಗೆ ಬಂದಿತ್ತು ಅಂತ 1989ರಲ್ಲಿ ಕಾರ್ಲ್ ಜೊಹಾನೆಸನ್ ಎಂಬ ಅಮೆರಿಕನ್ ವಿದ್ವಾಂಸರು ಸಹಲೇಖಕಿಯ ಜೊತೆ ಬರೆದರು. ತೆನೆ ಅಲ್ಲವೇ ಅಲ್ಲ ಅಂತ 1993ರಲ್ಲಿ ಪಾಯಕ್ ಮತ್ತು ಸಚನ್ ಎಂಬ ಭಾರತದ ಜೋಳ ವಿಜ್ಞಾನಿಗಳು ಉತ್ತರ ಕೊಟ್ಟರು. ನನಗೆ ಎರಡನೆಯವರ ಮಾತೇ ಸರಿ ಅನಿಸುತ್ತೆ. ಬಂದಿದ್ದಿದ್ದರೆ ನಮ್ಮಲ್ಲಿ ಅದರ ಒಂದಾದರೂ ಹಳೇ ಅಡುಗೆ ಉಳಿದಿರಬೇಕಿತ್ತಲ್ಲ?

ಈ ಸುಣ್ಣದ ಕಥೆಯನ್ನು ಅಮ್ಮನಿಗೆ ಹೇಳ್ತಾ ಇದ್ದೆ. ಮಧ್ಯದಲ್ಲಿ ಅಮ್ಮ, "ಕೆಲಸದ ದಿನ ಇಷ್ಟೊತ್ತು ಮಾತಾಡ್ತಿದೀಯಲ್ಲ, ಆಫೀಸಿಲ್ವಾ?" ಅಂದರು. ಇಲ್ಲ ಅಂದೆ. ಇವತ್ತಿಲ್ವಾ ಅಂದರು. ಇನ್ಮೇಲಿಲ್ಲ ಅಂದೆ. ಅಮ್ಮ ಅಳಲಿಲ್ಲ, ಬೈಲಿಲ್ಲ. "ಅಪ್ಪಂಗೆ ನಾನೇ ಹೇಳ್ತೀನಿ, ನೀನ್ ಹೇಳ್ಬೇಡ" ಅಂದು ಫೋನಿಟ್ಟರು.

ಐವತ್ತಾರನೇ ದಿನ ವಿಮಾನ ಹತ್ತಿದೆ. ಹಿಂದಿನ ದಿನ ಊರಿಗೆ ಹೋಗ್ತಿದೀನಿ ಅಂತ ಅಕ್ಕನಿಗೆ ಹೇಳಿದಾಗ, ಎಷ್ಟು ದಿನಕ್ಕೆ ಅಂತ ಕೇಳಿದರು. ವಾಪಸ್ ಬರಲ್ಲ ಅಂದೆ. ಅವರು ಸುಮ್ಮನೆ ಒಂದು ಟಾಕೊ ಜಾಸ್ತಿ ಇಟ್ಟರು. ಅವರು ಊರು ನೋಡಿ ಹನ್ನೊಂದು ವರ್ಷ ಆಗಿತ್ತಂತೆ. ಯಾಕೆ ಅಂತ ನಾನು ಕೇಳಲಿಲ್ಲ.

ಈಗ ಬೆಂಗಳೂರಲ್ಲಿ ಕೆಲಸ, ಸಂಬಳ ರೂಪಾಯಿಯಲ್ಲಿ. ದೀಪಾವಳಿಗೆ ಬಾಗೂರಿಗೆ ಹೋದಾಗ ಹೊಸ ಜೋಳ ಕಣದಲ್ಲಿ ಒಣಗ್ತಿತ್ತು. ಒಂದು ಕೆಜಿ ತಗೊಂಡು, ಮೂರು ಲೀಟರ್ ನೀರಿಗೆ ಹತ್ತು ಗ್ರಾಂ ತಿನ್ನುವ ಸುಣ್ಣ ಕದಡಿ, ಮುಕ್ಕಾಲು ಗಂಟೆ ಬೇಯಿಸಿ, ರಾತ್ರಿ ಹಾಗೇ ಬಿಟ್ಟೆ. (ಮಾಡಿ ನೋಡೋರಿಗೆ ಒಂದು ಮಾತು: ಬಿತ್ತನೆ ಪ್ಯಾಕೆಟ್ಟಿನ ಬಣ್ಣದ ಬೀಜಕ್ಕೆ ವಿಷ ಸವರಿರ್ತಾರೆ, ಅದನ್ನ ಮುಟ್ಟಬೇಡಿ. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಸುಣ್ಣ ಅದನ್ನ ತಿನ್ನುತ್ತೆ.) ಬೆಳಗ್ಗೆ ತೊಳೆದು ಗ್ರೈಂಡರಿಗೆ ಹಾಕಿದೆ. ನೀರು ಜಾಸ್ತಿಯಾಗಿ ಮೊದಲ ಸಲ ದೋಸೆ ಹಿಟ್ಟಾಯ್ತು. ಎರಡನೇ ಸಲ ಅಮ್ಮನೇ ಕೈ ಹಾಕಿದರು. ಬಾಳೆಎಲೆ ಮೇಲೆ ಅಕ್ಕಿರೊಟ್ಟಿ ಥರ ತಟ್ಟಿ ಹಂಚಿಗೆ ಹಾಕಿದರು. ದುಂಡಗೆ ಬರಲಿಲ್ಲ. ಆದ್ರೆ ಮಡಚಿದ್ರೆ ಬಿರೀಲಿಲ್ಲ. ಮನೆ ತುಂಬ ಆ ಅಂಗಡಿಯ ವಾಸನೆ.

ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು ತಿಂದ ಅಮ್ಮ, "ರಾಗಿ ರೊಟ್ಟಿನೇ ವಾಸಿ ಕಣಪ್ಪ" ಅಂದು ಇನ್ನೊಂದು ಹಾಕಿಕೊಂಡರು. ಅಪ್ಪ ಏನೂ ಹೇಳಲಿಲ್ಲ. ವ್ಯಾಪಾರಿ ಬಂದು ಚೀಲ ತೂಗಿಸಿಕೊಂಡು ಹೋದ ಮೇಲೆ ನೋಡಿದ್ರೆ, ಅರ್ಧ ಚೀಲ ನಡುಮನೆಯಲ್ಲಿ ಉಳಿದಿತ್ತು. ಹುಳ ಬೀಳುತ್ತೆ, ಇದನ್ನ ಯಾರು ಕಾಯೋರು ಅಂತ ಅಮ್ಮ ಈಗಲೂ ಫೋನಲ್ಲಿ ಗೊಣಗ್ತಾ ಇರ್ತಾರೆ.