ಆಫ್-ಕ್ಯಾಮೆರಾ ಫ್ಲ್ಯಾಷ್

ಆಫ್-ಕ್ಯಾಮೆರಾ ಫ್ಲ್ಯಾಷ್ ಎಂಬುದು ಫ್ಲ್ಯಾಷ್ ದೀಪವನ್ನು ಕ್ಯಾಮೆರಾದ ಮೇಲಲ್ಲದೆ ಬೇರೊಂದು ಸ್ಥಳದಲ್ಲಿರಿಸಿ ಛಾಯಾಚಿತ್ರ ತೆಗೆಯುವ ವಿಧಾನ. ಮಸೂರದ ದಿಕ್ಕಿನಿಂದಲೇ ಬೀಳುವ ಬೆಳಕು ಮುಖದ ಉಬ್ಬುತಗ್ಗುಗಳನ್ನು ಮರೆಮಾಡಿ ಚಿತ್ರವನ್ನು ಚಪ್ಪಟೆಯಾಗಿ ತೋರಿಸುತ್ತದೆ. ಅದೇ ಬೆಳಕು ಅಕ್ಷಿಪಟಲದಿಂದ ಪ್ರತಿಫಲಿಸಿ ನೇರವಾಗಿ ಮಸೂರಕ್ಕೆ ಮರಳುವುದರಿಂದ ಕಣ್ಣುಗಳು ಕೆಂಪಾಗಿ ಕಾಣುತ್ತವೆ. ಫ್ಲ್ಯಾಷನ್ನು ಪಕ್ಕಕ್ಕೆ ಸರಿಸಿದಾಗ ಬೆಳಕು ಓರೆಯಾಗಿ ಬಿದ್ದು, ವಸ್ತುವಿನ ಆಕಾರ ಮತ್ತು ಮೇಲ್ಮೈಯ ವಿವರಗಳು ಸ್ಪಷ್ಟವಾಗುತ್ತವೆ. ಆರಂಭಿಕರ ಕ್ಯಾಮೆರಾಗಳಲ್ಲಿಯೂ ಈ ವಿಧಾನ ಸಾಧ್ಯ. ಆದರೆ ಫ್ಲ್ಯಾಷ್ ಮತ್ತು ಅದನ್ನು ಮಿಂಚಿಸುವ ಟ್ರಿಗರ್ ಆ ಕ್ಯಾಮೆರಾಕ್ಕೆ ಹೊಂದಿಕೆಯಾಗಬೇಕು.

ಹಾಟ್ ಶೂ

ಕ್ಯಾಮೆರಾದ ಮೇಲ್ಭಾಗದಲ್ಲಿ ಫ್ಲ್ಯಾಷ್ ಕೂರಿಸಲು ಇರುವ ಲೋಹದ ಚೌಕಟ್ಟಿಗೆ ಹಾಟ್ ಶೂ ಎಂದು ಹೆಸರು. ಸಾಮಾನ್ಯವಾಗಿ ಇದರ ನಡುವೆ ಒಂದು ದೊಡ್ಡ ವಿದ್ಯುತ್ ಸಂಪರ್ಕಬಿಂದು ಇರುತ್ತದೆ. ಷಟರ್ ಪೂರ್ತಿಯಾಗಿ ತೆರೆದಾಗ ಫ್ಲ್ಯಾಷ್ ಮಿಂಚಬೇಕೆಂಬ ಸಂಕೇತ ಇದರ ಮೂಲಕ ಸಾಗುತ್ತದೆ. ಉಳಿದ ಸಣ್ಣ ಬಿಂದುಗಳು ಆಯಾ ತಯಾರಕರ ಸ್ವಯಂಚಾಲಿತ ವ್ಯವಸ್ಥೆಗೆ ಮೀಸಲು.

ಎಲ್ಲ ಕ್ಯಾಮೆರಾಗಳಲ್ಲಿ ನಡುವಿನ ಬಿಂದು ಇರುವುದಿಲ್ಲ. ಕ್ಯಾನನ್ 1500ಡಿ, 3000ಡಿ ಹಾಗೂ 200ಡಿ ಮಾರ್ಕ್ 2 ಮಾದರಿಗಳಲ್ಲಿ ಅದನ್ನು ಕೈಬಿಡಲಾಗಿದೆ. ಆದ್ದರಿಂದ ನಡುವಿನ ಬಿಂದುವನ್ನಷ್ಟೇ ಅವಲಂಬಿಸುವ ಸರಳ ಟ್ರಿಗರ್‌ಗಳು ಇವುಗಳಲ್ಲಿ ಕೆಲಸ ಮಾಡುವುದಿಲ್ಲ. ಕ್ಯಾನನ್ ಸಂಕೇತಗಳನ್ನು ಗ್ರಹಿಸಬಲ್ಲ, ಆ ಮಾದರಿಗೆ ಹೊಂದುತ್ತದೆಂದು ತಯಾರಕರೇ ತಿಳಿಸಿದ ಟ್ರಿಗರ್ ಬೇಕಾಗುತ್ತದೆ. ಹೀಗಾಗಿ ಖರೀದಿಗೆ ಮೊದಲು ಶೂವನ್ನು ಪರೀಕ್ಷಿಸುವುದು ಅಗತ್ಯ.

ಫ್ಲ್ಯಾಷ್‌ನ ಆಯ್ಕೆ

ಫ್ಲ್ಯಾಷ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಟಿಟಿಎಲ್ ಫ್ಲ್ಯಾಷ್ ಮೊದಲು ಒಂದು ಸಣ್ಣ ಪೂರ್ವಮಿಂಚನ್ನು ಹೊಮ್ಮಿಸುತ್ತದೆ. ಮಸೂರದ ಮೂಲಕ ಮರಳಿದ ಬೆಳಕನ್ನು ಕ್ಯಾಮೆರಾ ಅಳೆದು ಬೇಕಾದ ಪ್ರಮಾಣವನ್ನು ನಿರ್ಧರಿಸುತ್ತದೆ. ಮ್ಯಾನ್ಯುಯಲ್ ಫ್ಲ್ಯಾಷ್‌ನಲ್ಲಿ ಈ ಪ್ರಮಾಣವನ್ನು ಛಾಯಾಗ್ರಾಹಕರೇ ನಿಗದಿಪಡಿಸಬೇಕು. ಫ್ಲ್ಯಾಷ್ ಮತ್ತು ವ್ಯಕ್ತಿಯ ನಡುವಿನ ಅಂತರ ಬದಲಾಗದ ಸಂದರ್ಭಗಳಲ್ಲಿ, ಕಡಿಮೆ ಬೆಲೆಯ ಮ್ಯಾನ್ಯುಯಲ್ ಫ್ಲ್ಯಾಷ್ ಕಲಿಕೆಗೆ ಸಾಕಾಗುತ್ತದೆ. ಪೂರ್ಣ ಶಕ್ತಿಯಿಂದ 1/64 ಅಥವಾ 1/128 ಭಾಗದವರೆಗೆ ಇಳಿಸುವ ಸೌಲಭ್ಯ ಮತ್ತು ಎಲ್ಲ ದಿಕ್ಕಿಗೂ ತಿರುಗುವ ತಲೆ ಇದ್ದರೆ ಅನುಕೂಲ.

ಫ್ಲ್ಯಾಷ್‌ನ ಶಕ್ತಿಯನ್ನು ಗೈಡ್ ನಂಬರ್ ಸೂಚಿಸುತ್ತದೆ. ಇದು ಫ್ಲ್ಯಾಷ್‌ನಿಂದ ವಸ್ತುವಿಗಿರುವ ದೂರ ಮತ್ತು ದ್ಯುತಿರಂಧ್ರದ ಎಫ್-ಸಂಖ್ಯೆಗಳ ಗುಣಲಬ್ಧ. ಐಎಸ್ಒ 100ರಲ್ಲಿ ಗೈಡ್ ನಂಬರ್ 40 ಮೀಟರ್ ಆಗಿದ್ದರೆ, ಪೂರ್ಣ ಶಕ್ತಿಯಲ್ಲಿ ಎಫ್/8ಕ್ಕೆ 5 ಮೀಟರ್ ಮತ್ತು ಎಫ್/4ಕ್ಕೆ 10 ಮೀಟರ್ ದೂರದವರೆಗೆ ಬೆಳಕು ಸಾಲುತ್ತದೆ. ಬೆಳಕಿನ ಪುಂಜವನ್ನು ಕಿರಿದಾಗಿಸಿದಷ್ಟೂ ಈ ಸಂಖ್ಯೆ ಹೆಚ್ಚುವುದರಿಂದ, ಎರಡು ಫ್ಲ್ಯಾಷ್‌ಗಳನ್ನು ಒಂದೇ ಜೂಮ್ ಸ್ಥಿತಿಯಲ್ಲಿ ಹೋಲಿಸಬೇಕು.

ಮಿಂಚಿಸುವ ವಿಧಾನಗಳು

ತಂತಿ: ಹಾಟ್ ಶೂವಿನಿಂದ ಫ್ಲ್ಯಾಷ್‌ಗೆ ನೇರವಾಗಿ ತಂತಿ ಜೋಡಿಸುವುದು ವಿಶ್ವಾಸಾರ್ಹ ವಿಧಾನ. ಆದರೆ ದೂರ ತಂತಿಯ ಉದ್ದಕ್ಕೆ ಸೀಮಿತ. ಓಡಾಡುವವರ ಕಾಲಿಗೆ ಅದು ತೊಡರುವ ಅಪಾಯವೂ ಇದೆ.

ಬೆಳಕು: ಸ್ಲೇವ್ ಸೌಲಭ್ಯವುಳ್ಳ ಫ್ಲ್ಯಾಷ್ ಮತ್ತೊಂದು ಫ್ಲ್ಯಾಷ್‌ನ ಮಿಂಚನ್ನು ಕಂಡೊಡನೆ ತಾನೂ ಮಿಂಚುತ್ತದೆ. ಕ್ಯಾಮೆರಾದಲ್ಲಿಯೇ ಇರುವ ಸಣ್ಣ ಫ್ಲ್ಯಾಷ್ ಇದಕ್ಕೆ ಸಾಕು. ಆದರೆ ಟಿಟಿಎಲ್ ಸ್ಥಿತಿಯ ಪೂರ್ವಮಿಂಚಿಗೇ ಸ್ಲೇವ್ ಪ್ರತಿಕ್ರಿಯಿಸಿದರೆ, ಷಟರ್ ತೆರೆಯುವ ಮೊದಲೇ ಅದರ ಬೆಳಕು ವ್ಯರ್ಥವಾಗುತ್ತದೆ. ಕ್ಯಾಮೆರಾದ ಫ್ಲ್ಯಾಷನ್ನು ಮ್ಯಾನ್ಯುಯಲ್ ಸ್ಥಿತಿಗೆ ತರುವುದು, ಇಲ್ಲವೇ ಪೂರ್ವಮಿಂಚನ್ನು ಕಡೆಗಣಿಸುವ ಎಸ್2 ಸ್ಥಿತಿಯನ್ನು ಸ್ಲೇವ್‌ನಲ್ಲಿ ಆರಿಸುವುದು ಇದಕ್ಕೆ ಪರಿಹಾರ. ಪ್ರಖರ ಬಿಸಿಲಿನಲ್ಲಿ ಹಾಗೂ ಅಡೆತಡೆಗಳ ಹಿಂದೆ ಈ ವಿಧಾನ ವಿಫಲವಾಗಬಹುದು.

ರೇಡಿಯೋ: ಪ್ರೇಷಕವನ್ನು ಹಾಟ್ ಶೂವಿನ ಮೇಲೂ ಗ್ರಾಹಕವನ್ನು ಫ್ಲ್ಯಾಷ್‌ನ ತಳದಲ್ಲಿಯೂ ಜೋಡಿಸಲಾಗುತ್ತದೆ. ಗ್ರಾಹಕವು ಒಳಗೇ ಅಡಕವಾಗಿರುವ ಫ್ಲ್ಯಾಷ್‌ಗಳೂ ಇವೆ. ಹಲವು ಟ್ರಿಗರ್‌ಗಳು 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸುತ್ತವೆ. ಎರಡೂ ಸಾಧನಗಳು ಒಂದೇ ಚಾನೆಲ್‌ನಲ್ಲಿರಬೇಕು. ಬಿಸಿಲು ಇದಕ್ಕೆ ಅಡ್ಡಿಯಾಗದು. ಫ್ಲ್ಯಾಷ್ ಕಣ್ಣಿಗೆ ಕಾಣದ ಸ್ಥಳದಲ್ಲಿದ್ದರೂ ನಡೆಯುತ್ತದೆ.

ಷಟರ್ ವೇಗದ ಮಿತಿ

ಬದಲಾಯಿಸಬಹುದಾದ ಮಸೂರದ ಹೆಚ್ಚಿನ ಕ್ಯಾಮೆರಾಗಳಲ್ಲಿ ಸಂವೇದಕದ ಮುಂದೆ ಎರಡು ಪರದೆಗಳಿರುತ್ತವೆ. ವೇಗ ಒಂದು ಮಿತಿಯನ್ನು ಮೀರಿದರೆ, ಮೊದಲ ಪರದೆ ಪೂರ್ತಿ ಸರಿಯುವ ಮುನ್ನವೇ ಎರಡನೆಯದು ಮುಚ್ಚತೊಡಗುತ್ತದೆ. ಆಗ ಫ್ಲ್ಯಾಷ್‌ನ ಬೆಳಕು ಸಂವೇದಕದ ಒಂದು ಭಾಗವನ್ನಷ್ಟೇ ತಲುಪಿ, ಚಿತ್ರದ ಅಂಚಿನಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಸಿಂಕ್ ವೇಗವೆಂದು ಕರೆಯಲಾಗುವ ಈ ಮಿತಿ ಆರಂಭಿಕರ ಅನೇಕ ಕ್ಯಾಮೆರಾಗಳಲ್ಲಿ 1/200 ಸೆಕೆಂಡಿನ ಆಸುಪಾಸಿನಲ್ಲಿದೆ. ಟ್ರಿಗರ್‌ನಿಂದ ಅಲ್ಪ ವಿಳಂಬವಾದರೆ 1/160 ಅಥವಾ 1/125ಕ್ಕೆ ಇಳಿಸಬೇಕಾಗುತ್ತದೆ.

ಮಿಂಚು ಅತ್ಯಲ್ಪ ಕಾಲದ್ದಾದುದರಿಂದ, ಈ ಮಿತಿಯೊಳಗೆ ಷಟರ್ ವೇಗವು ಸುತ್ತಲಿನ ಬೆಳಕನ್ನು ಮಾತ್ರ ನಿಯಂತ್ರಿಸುತ್ತದೆ. ಫ್ಲ್ಯಾಷ್ ಬೆಳಕಿನ ಪರಿಣಾಮವನ್ನು ದ್ಯುತಿರಂಧ್ರ, ಐಎಸ್ಒ, ಫ್ಲ್ಯಾಷ್‌ನ ಶಕ್ತಿ ಮತ್ತು ಅದರ ದೂರ ನಿರ್ಧರಿಸುತ್ತವೆ. ಬೆತ್ತಲೆ ಫ್ಲ್ಯಾಷನ್ನು 1 ಮೀಟರ್‌ನಿಂದ 2 ಮೀಟರ್ ದೂರಕ್ಕೆ ಒಯ್ದರೆ ವಸ್ತುವಿನ ಮೇಲೆ ಬೀಳುವ ಬೆಳಕು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಮುನ್ನೆಚ್ಚರಿಕೆಗಳು

ಕೆಲವು ಹಳೆಯ ಫ್ಲ್ಯಾಷ್‌ಗಳ ಸಂಪರ್ಕಬಿಂದುವಿನಲ್ಲಿ 200 ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ ಒತ್ತಡವಿರುತ್ತದೆ. ಇದು ಡಿಜಿಟಲ್ ಕ್ಯಾಮೆರಾದ ಸೂಕ್ಷ್ಮ ಮಂಡಲವನ್ನು ಹಾಳುಮಾಡಬಲ್ಲದು. ಆದ್ದರಿಂದ ಬಳಸಿದ ಫ್ಲ್ಯಾಷ್ ಕೊಂಡಾಗ ಅದರ ಟ್ರಿಗರ್ ವೋಲ್ಟೇಜನ್ನು ಕ್ಯಾಮೆರಾ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿದ ಬಳಿಕವೇ ಶೂಗೆ ಜೋಡಿಸಬೇಕು. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದಾದ್ದರಿಂದ ಫ್ಲ್ಯಾಷನ್ನು ಬಿಚ್ಚಬಾರದು. ಹೊರಾಂಗಣದಲ್ಲಿ ಕೊಡೆ ಕಟ್ಟಿದ ಸ್ಟ್ಯಾಂಡ್ ಗಾಳಿಗೆ ಉರುಳದಂತೆ ಅದರ ಬುಡಕ್ಕೆ ಮರಳಿನ ಚೀಲದ ಭಾರವಿಡುವುದು ರೂಢಿ.