ಹಳ್ಳಿಯೋ ಹಲ್ಲಿಯೋ?

ಕಳೆದ ದೀಪಾವಳಿ ರಜೆ ಮುಗಿದ ಮೇಲೆ ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯ ವಾಟ್ಸಾಪ್ ಬಳಗದಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗೆ ಬರೆದಳು: "ನಾನು ಅಜ್ಜಿಯ ಹಲ್ಲಿಗೆ ಹೋಗಿದ್ದೆ. ಈ ಸಲ ಬೇಳೆ ಚೆನ್ನಾಗಿ ಬಂದಿದೆ." ಅವಳು ಹೋದದ್ದು ಹಳ್ಳಿಗೆ, ಚೆನ್ನಾಗಿ ಬಂದದ್ದು ಗದ್ದೆಯ ಬೆಳೆ. ಮೊಬೈಲಿನ ಕೃಪೆಯಿಂದ ಹಳ್ಳಿ ಹಲ್ಲಿಯಾಗಿ ಗೋಡೆ ಹತ್ತಿತು, ಬೆಳೆ ಬೇಳೆಯಾಗಿ ಸಾರಿನ ಪಾತ್ರೆಗೆ ಬಿತ್ತು. ಬಳಗದಲ್ಲಿದ್ದ ಹಿರಿಯರು ನಕ್ಕರು. ಅವಳ ವಯಸ್ಸಿನವರು ಯಾರೂ ನಗಲಿಲ್ಲ. ಏಕೆಂದರೆ ಅವರಿಗೆ ನಗುವಂಥದ್ದೇನೂ ಅಲ್ಲಿ ಕಾಣಿಸಲಿಲ್ಲ. ನನಗೆ ಚಿಂತೆಯಾದದ್ದು ಅದಕ್ಕೆ.

ತರುಣ ಮಿತ್ರರೇ, ಇದು ನಿಮ್ಮನ್ನು ಗೇಲಿ ಮಾಡುವ ಲೇಖನವಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ನಾಲ್ಕು ಭಾಷೆ ನಿಭಾಯಿಸುವ ನಿಮ್ಮ ಬಗ್ಗೆ ನನಗೆ ಅಭಿಮಾನವೇ ಇದೆ. ಆದರೆ ಕರಿಹಲಗೆಯಿಂದ ಮೊಬೈಲಿನವರೆಗೆ ಪಾಠದ ಸಲಕರಣೆಗಳನ್ನು ಬದಲಿಸುತ್ತ ಬಂದ ಒಬ್ಬ ಮೇಷ್ಟರಾಗಿ ನಿಮಗೆ ಕೆಲವು ಮಾತು ಹೇಳಬೇಕೆನಿಸಿದೆ.

ಮೊದಲು ಆ ಹಲ್ಲಿಯ ವಿಷಯ ನೋಡೋಣ. ನಿಮ್ಮಲ್ಲಿ ಬಹಳ ಮಂದಿ ಮೊಬೈಲಿನಲ್ಲಿ ಕನ್ನಡ ಬರೆಯುವುದು ಇಂಗ್ಲಿಷ್ ಅಕ್ಷರ ಒತ್ತಿ. ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸಿ ಎರಡೋ ಮೂರೋ ಪದಗಳನ್ನು ಮುಂದಿಡುತ್ತದೆ. ಹಳ್ಳಿ, ಹಲ್ಲಿ ಎರಡಕ್ಕೂ ನೀವು ಒತ್ತುವ ಅಕ್ಷರಗಳು ಒಂದೇ. ಬೆಳೆಗೂ ಬೇಳೆಗೂ ಒಂದೇ. ಕೊಡು ಎಂದರೆ ನೀಡು, ಕೋಡು ಎಂದರೆ ದನದ ಕೊಂಬು, ಇವಕ್ಕೂ ಒಂದೇ. ಯಾವುದು ಬೇಕೆಂದು ಆರಿಸುವ ಕೆಲಸವನ್ನು ಯಂತ್ರ ನಿಮಗೇ ಬಿಟ್ಟಿದೆ. ಓದಲು ಬಾರದವನು ಏನನ್ನು ಆರಿಸಿಯಾನು? ಮೊದಲು ಕಂಡದ್ದನ್ನು ಒತ್ತುತ್ತಾನೆ. ಬರೆಯಲು ಸುಲಭ ಮಾಡಿಕೊಡುವ ಈ ಉಪಾಯ ಓದಬಲ್ಲವರಿಗೆ ಮಾತ್ರ ಉಪಾಯ.

ಇಲ್ಲಿ ಮುಂಬಯಿಯ ಮಕ್ಕಳಿಗೆ ಒಂದು ಅನುಕೂಲವೂ ಇದೆ, ಒಂದು ತೊಡಕೂ ಇದೆ. ನಿಮಗೆ ದೇವನಾಗರಿ ಗೊತ್ತು. ಕ ಖ ಗ ಘ ಎಂಬ ಕ್ರಮ ಅಲ್ಲಿಯೂ ಇಲ್ಲಿಯೂ ಒಂದೇ. ಮರಾಠಿಯಲ್ಲಿ 'ಳ' ಕೂಡ ಇದೆ. ಟಿಳಕ್, ಬಾಳ್ ಎನ್ನುವ ಹೆಸರುಗಳನ್ನು ನಿತ್ಯ ಕೇಳುತ್ತೀರಿ. ಹಾಗಾಗಿ ಹಿಂದಿ ಮಾತ್ರ ಬಲ್ಲ ಊರುಗಳ ಮಕ್ಕಳಿಗಿಂತ ನೀವು ಒಂದು ಹೆಜ್ಜೆ ಮುಂದೆ ಇದ್ದೀರಿ. ಆದರೆ ಕನ್ನಡದಲ್ಲಿ ಎ-ಏ, ಒ-ಓ ಎಂದು ಹ್ರಸ್ವಕ್ಕೊಂದು ದೀರ್ಘಕ್ಕೊಂದು ಅಕ್ಷರ. ಮರಾಠಿ, ಹಿಂದಿಗಳ ವಾಡಿಕೆಯ ಬರವಣಿಗೆಯಲ್ಲಿ ಈ ಭೇದವಿಲ್ಲ. ನಮ್ಮ ತರಗತಿಯಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ, ಒತ್ತಕ್ಷರದಲ್ಲಿ ಅಲ್ಲ. ಇದು ಗೊತ್ತಾದ ಮೇಲೆ ನಾನು ವರ್ಣಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಸಮನಾಗಿ ಕಲಿಸುವುದನ್ನು ಬಿಟ್ಟು ಈ ನಾಲ್ಕು ಸ್ವರಗಳಿಗೇ ಒಂದು ತಿಂಗಳು ಇಟ್ಟಿದ್ದೇನೆ.

ಹಾಗಾದರೆ ಕನ್ನಡಕ್ಕೆ ಒಳ್ಳೆಯ ಕೀಲಿಮಣೆ ಇಲ್ಲವೇ? ಇದೆ. ಅದನ್ನು ರೂಪಿಸಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರು, ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. 'ನುಡಿ' ತಂತ್ರಾಂಶ ಬಳಸುವವರು ಒತ್ತುವುದು ಅವರ ವಿನ್ಯಾಸದ ಕೀಲಿಗಳನ್ನೇ. ಅದರಲ್ಲಿ ಚಿಕ್ಕ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ ಒತ್ತಬೇಕು. 'ಹಳ್ಳಿ' ಬರೆಯುವವನು ಹ, ಳ, ಒತ್ತು, ಳ, ಇ ಎಂದು ಪದವನ್ನು ಬಿಡಿಸಿಕೊಂಡೇ ಬರೆಯುತ್ತಾನೆ. ಯಂತ್ರ ಊಹೆ ಮಾಡುವುದಿಲ್ಲ, ಆದ್ದರಿಂದ ಅವನು ಯೋಚನೆ ಮಾಡುತ್ತಾನೆ. ನಮ್ಮ ತರಗತಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಈಗ ಮಕ್ಕಳು ಹೀಗೆಯೇ ಬರೆಯುತ್ತಾರೆ. ಮೊದಲ ವಾರ ಗೊಣಗುತ್ತಾರೆ. ಆರನೆಯ ವಾರದಲ್ಲಿ ಹಳ್ಳಿ-ಹಲ್ಲಿಯ ಗೊಂದಲ ಉಳಿದಿರುವುದಿಲ್ಲ.

ಪಾಠ ಹೇಳುವ ಯಂತ್ರ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಪಾಠ ಹೋಯಿತು. ಅವುಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ಕನ್ನಡದಲ್ಲೇ ಕಾರ್ಯಕ್ರಮ. ವರ್ಷ ಮುಗಿಯಿತು, ಉಪಗ್ರಹವನ್ನು ಅದರ ಒಡೆಯರು ವಾಪಸು ಪಡೆದರು. ಮರುದಿನವೂ ಶಾಲೆಗೆ ಬಂದವರು ಮೇಷ್ಟರು ಮತ್ತು ಮಕ್ಕಳು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಹಾರಿಸಿದೆವು. 2020ರ ಲಾಕ್‌ಡೌನಿನಲ್ಲಂತೂ ಇಡೀ ಶಾಲೆಯೇ ಮೊಬೈಲಿನೊಳಗೆ ಹೋಗಿ ಕೂತಿತು. ಅದನ್ನು ನೀವೇ ಅನುಭವಿಸಿದ್ದೀರಿ, ನಾನು ವಿವರಿಸಬೇಕಾಗಿಲ್ಲ.

ಆ ದಿನಗಳನ್ನು ನಾನು ದೂರುವುದೂ ಇಲ್ಲ. ಡೊಂಬಿವಲಿ, ಪನ್ವೇಲ್ ಕಡೆಯ ಮಕ್ಕಳು ನಮ್ಮ ತರಗತಿಗೆ ಸೇರಿದ್ದೇ ಆಗ. ಭಾನುವಾರ ಎರಡು ಟ್ರೇನು ಬದಲಿಸಿ ದಾದರಿಗೆ ಬರಲು ಅವರಿಗೆ ಎಂದೂ ಆಗುತ್ತಿರಲಿಲ್ಲ. ಅಜ್ಜಿಯರು ಊರಿನಿಂದಲೇ ಪರದೆಯ ಮೇಲೆ ಬಂದು ಕತೆ ಹೇಳಿದರು. ಮಕ್ಕಳ ಮಾತು ಸುಧಾರಿಸಿತು, ಅದು ನಿಜ. ಓದು ಸುಧಾರಿಸಲಿಲ್ಲ, ಅದೂ ನಿಜ. ಪರದೆಯಲ್ಲಿ ಇಪ್ಪತ್ತು ಮಕ್ಕಳು ಒಟ್ಟಿಗೆ ಗಟ್ಟಿಯಾಗಿ ಓದಲು ಸಾಧ್ಯವಿಲ್ಲ; ಯಾರ ಬೆರಳು ಯಾವ ಅಕ್ಷರದ ಮೇಲೆ ನಿಂತಿತು ಎಂದು ಮೇಷ್ಟರಿಗೆ ಕಾಣುವುದೂ ಇಲ್ಲ.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಹೋದ ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ಒಬ್ಬ ಹುಡುಗ ಸೊಗಸಾದ ಭಾಷಣ ತಂದಿದ್ದ. ಬರೆದದ್ದು ಯಂತ್ರ, ಅವನು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡಿದ್ದ. 'ಏಕೀಕರಣ' ಎಂದರೇನು ಎಂದು ಕೇಳಿದೆ. "ಗೊತ್ತಿಲ್ಲ ಸರ್, ಆದರೆ ನಾಲ್ಕು ಸಲ ಬರುತ್ತದೆ," ಎಂದ. ಪ್ರಾಮಾಣಿಕ ಹುಡುಗ. ನಾನು ಅವನನ್ನು ಸ್ಪರ್ಧೆಯಿಂದ ಕೈಬಿಡಲಿಲ್ಲ. ಅದೇ ಯಂತ್ರದಿಂದ ಏಕೀಕರಣದ ಅರ್ಥ ಕೇಳಿಕೊಂಡು, ತನ್ನ ಅಜ್ಜ ಮುಂಬಯಿಗೆ ಯಾವ ವರ್ಷ ಬಂದರು, ಆಗ ಅವರ ಊರು ಯಾವ ರಾಜ್ಯದಲ್ಲಿತ್ತು ಎಂದು ಮನೆಯಲ್ಲಿ ವಿಚಾರಿಸಿ ಬರಲು ಹೇಳಿದೆ. ಅಜ್ಜ ಬಂದದ್ದು 1954ರಲ್ಲಿ. ಅವರ ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯ ಸೇರಿದಾಗ ಅಜ್ಜ ಕೋಟೆ ಪ್ರದೇಶದ ಹೋಟೆಲಿನಲ್ಲಿ ಹಗಲು ತಟ್ಟೆ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿಯುತ್ತಿದ್ದರಂತೆ. ಈ ಸಂಗತಿ ಯಂತ್ರದ ಭಾಷಣದಲ್ಲಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಆ ಹುಡುಗ ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬವೊಂದನ್ನು ತರಗತಿಗೆ ತಂದ. ಅದರಲ್ಲಿ ಊರಿನಿಂದ ಅಜ್ಜನಿಗೆ ಬಂದ ಹನ್ನೆರಡು ಇನ್‌ಲ್ಯಾಂಡ್ ಪತ್ರಗಳಿದ್ದವು. ಮೊಬೈಲಿನಿಂದ ಓದಿಸಲು ನೋಡಿದೆವು. ಆ ಮೋಡಿಯಂಥ ಕೈಬರಹದ ಮುಂದೆ ಅದು ಸೋತಿತು. ಚಿತ್ರ ತೆಗೆದು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ಎಲ್ಲರೂ ಸೇರಿ ಅಕ್ಷರ ಅಕ್ಷರವಾಗಿ ಬಿಡಿಸತೊಡಗಿದೆವು. 'ಉಭಯ ಕುಶಲೋಪರಿ' ಎಂಬ ಮೊದಲ ಸಾಲಿಗೇ ಇಪ್ಪತ್ತು ನಿಮಿಷ ಹಿಡಿಯಿತು. ಹಲ್ಲಿಗೆ ಹೋಗಿಬಂದ ನಮ್ಮ ಹುಡುಗಿಯೇ 'ಮಳೆಗಾಲ' ಎಂಬ ಪದವನ್ನು ಮೊದಲು ಗುರುತಿಸಿದಳು, ಅದರ 'ಳ'ವನ್ನು ಹಿಡಿದು.

ಎರಡು ಭಾನುವಾರಗಳಲ್ಲಿ ಒಂದು ಪತ್ರ ಮುಗಿಯಿತು. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ತೆಗೆಸಬೇಕು, ಅಡಿಗೆಮನೆ ಸೋರುತ್ತಿದೆ, ಸಾಧ್ಯವಾದರೆ ನಲವತ್ತು ರೂಪಾಯಿ ಮನಿಯಾರ್ಡರ್ ಮಾಡು ಎಂದು ಅಜ್ಜನ ತಂದೆ ಬರೆದಿದ್ದರು. "ಅಜ್ಜ ಕಳಿಸಿದ್ದರಾ?" ಎಂದು ಹುಡುಗ ತನ್ನ ತಂದೆಯನ್ನು ಕೇಳಿದನಂತೆ. ಅವರಿಗೂ ಗೊತ್ತಿಲ್ಲ. ಡಬ್ಬದಲ್ಲಿ ಇನ್ನೂ ಹನ್ನೊಂದು ಪತ್ರಗಳಿವೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತರಗತಿ ಆರಂಭವಾಗುತ್ತದೆ.