ಎಂಜಿನು 'ಮಿಸ್ಸಿಂಗ್' ಹೊಡೆಯುವುದೇಕೆ? ಪ್ಲಗ್ಗು, ಕಾಯಿಲು ಬದಲಿಸುವ ಬಗೆ

ನಾಲ್ಕು ಎತ್ತು ಹೂಡಿದ ನೇಗಿಲಿನಲ್ಲಿ ಒಂದು ಎತ್ತು ಎಳೆಯದೆ ಸುಮ್ಮನೆ ಹೆಜ್ಜೆ ಹಾಕಿದರೆ ಅದನ್ನು ಒಕ್ಕಲಿಗನಿಗೆ ಯಾರೂ ಹೇಳಬೇಕಾಗಿಲ್ಲ. ಸಾಲು ಸೊಟ್ಟಗಾಗುತ್ತದೆ, ಉಳಿದ ಮೂರು ಎತ್ತುಗಳಿಗೆ ಏದುಸಿರು ಬರುತ್ತದೆ. ಪೆಟ್ರೋಲ್ ಗಾಡಿಯ ನಾಲ್ಕು ಸಿಲಿಂಡರುಗಳಲ್ಲಿ ಒಂದು ಸರಿಯಾಗಿ ಉರಿಯದೆ ಹೋದಾಗಲೂ ಆಗುವುದು ಇದೇ. ಗ್ಯಾರೇಜಿನವರು ಇದನ್ನು 'ಮಿಸ್ಸಿಂಗ್' ಎನ್ನುತ್ತಾರೆ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆ ಹಾಲಿನ ಕ್ಯಾನು, ಕಾಯಿಪಲ್ಲೆ, ದಾಳಿಂಬೆಗಳನ್ನು ಪೇಟೆಗೆ ಒಯ್ಯಲು ಸಣ್ಣ ಪೆಟ್ರೋಲ್ ವ್ಯಾನು ಇಟ್ಟುಕೊಂಡ ರೈತರು ಬಹಳ ಮಂದಿ ಇದ್ದಾರೆ. ಗಾಡಿ ನಡುದಾರಿಯಲ್ಲಿ ನಿಂತರೆ ಹಾಲು ಒಡೆಯುತ್ತದೆ, ಸವಾಲಿನ ಹೊತ್ತು ಮೀರುತ್ತದೆ. ಗಾಡಿಯ ಕೈಪುಸ್ತಕ ಇರುವುದು ಇಂಗ್ಲಿಷಿನಲ್ಲಿ, ಗ್ಯಾರೇಜಿನ ಮಾತು ನಡೆಯುವುದು ಮರಾಠಿಯಲ್ಲಿ. ನಡುವೆ ನಮ್ಮ ರೈತನು ಏನು ಕೆಟ್ಟಿತೆಂದು ತಿಳಿಯದೆಯೇ ಹೇಳಿದಷ್ಟು ಹಣ ಎಣಿಸಿಕೊಟ್ಟು ಬರುತ್ತಾನೆ. ಆದುದರಿಂದ ಈ ವಿಷಯವನ್ನು ನಮ್ಮ ಮಾತಿನಲ್ಲಿಯೇ ತುಸು ಬಿಡಿಸಿ ಹೇಳುವುದು ತಕ್ಕದ್ದೆಂದು ತಿಳಿದಿದ್ದೇವೆ.

ಮೊದಲೇ ಒಂದು ಮಾತು. ಈ ಲೇಖನವು ಪೆಟ್ರೋಲ್ ಮತ್ತು ಸಿ.ಎನ್.ಜಿ. ಗಾಡಿಗಳಿಗೆ ಮಾತ್ರ ಸಂಬಂಧಿಸಿದ್ದು. ಟ್ರ್ಯಾಕ್ಟರು ಮೊದಲಾದ ಡೀಜಲ್ ಎಂಜಿನುಗಳಲ್ಲಿ ಕಿಡಿಯ ಪ್ಲಗ್ಗು ಇರುವುದೇ ಇಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಅದುಮಿದ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ.

ಕಿಡಿ ಹುಟ್ಟುವ ಬಗೆ

ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಆವಿ ಸೇರಿ ಅದುಮಲ್ಪಟ್ಟಾಗ ಸರಿಯಾದ ಗಳಿಗೆಗೆ ಒಂದು ಕಿಡಿ ಬೀಳಬೇಕು. ಆ ಕಿಡಿಯನ್ನು ಹಾರಿಸುವುದು ಪ್ಲಗ್ಗಿನ ಕೆಲಸ. ಅದರ ತುದಿಯಲ್ಲಿ ಎರಡು ಲೋಹದ ಮೊನೆಗಳ ನಡುವೆ ಸಾಮಾನ್ಯವಾಗಿ 0.7ರಿಂದ 1.1 ಮಿಲಿಮೀಟರಿನಷ್ಟು ಸಂದು ಇರುತ್ತದೆ. ಬ್ಯಾಟರಿಯ 12 ವೋಲ್ಟಿಗೆ ಈ ಸಂದನ್ನು ಹಾರುವ ಶಕ್ತಿ ಇಲ್ಲ. ಅದಕ್ಕೆ ಸಾವಿರಾರು ವೋಲ್ಟು ಬೇಕು.

ಈ ಬಲ ಕೊಡುವುದು ಕಾಯಿಲು. ಅದರೊಳಗೆ ತಾಮ್ರದ ತಂತಿಯ ಎರಡು ಸುತ್ತುಗಳಿವೆ. ಒಂದರಲ್ಲಿ ಕೆಲವೇ ನೂರು ಸುತ್ತು, ಇನ್ನೊಂದರಲ್ಲಿ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಮೊದಲನೆಯದರಲ್ಲಿ ಹರಿಯುವ ಕರೆಂಟನ್ನು ತಟ್ಟನೆ ಕಡಿದರೆ ಎರಡನೆಯದರಲ್ಲಿ 20 ಸಾವಿರ ವೋಲ್ಟಿಗೂ ಮೀರಿದ ಒತ್ತಡ ಹುಟ್ಟಬಲ್ಲದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದಕ್ಕೆ ಮೂಲ. ಹಳೆಯ ಗಾಡಿಗಳಲ್ಲಿ ಒಂದೇ ಕಾಯಿಲು, ಒಂದು ಡಿಸ್ಟ್ರಿಬ್ಯೂಟರು, ಅಲ್ಲಿಂದ ಒಂದೊಂದು ಪ್ಲಗ್ಗಿಗೂ ದಪ್ಪ ತಂತಿ ಇರುತ್ತಿದ್ದವು. ಈಗಿನ ಬಹುತೇಕ ಗಾಡಿಗಳಲ್ಲಿ ಪ್ಲಗ್ಗಿಗೊಂದರಂತೆ ಕಾಯಿಲು ಅದರ ತಲೆಯ ಮೇಲೆಯೇ ಕುಳಿತಿರುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಇಷ್ಟು ದುಡಿದ ಮೊನೆ ಸವೆಯದೆ ಇದ್ದೀತೇ? ಮೊನೆ ಸವೆದಷ್ಟೂ ಸಂದು ಹೆಚ್ಚುತ್ತದೆ. ಸಂದು ಹೆಚ್ಚಿದಷ್ಟೂ ಕಾಯಿಲು ಇನ್ನೂ ಹೆಚ್ಚು ಒತ್ತಡ ಕೊಡಬೇಕಾಗುತ್ತದೆ. ಕಡೆಗೆ ಕಾಯಿಲು ಒಳಗೇ ಸುಟ್ಟುಹೋಗುತ್ತದೆ. ಕೆಲವು ನೂರು ರೂಪಾಯಿಯ ಪ್ಲಗ್ಗನ್ನು ಬದಲಿಸದೆ ಬಿಟ್ಟು, ಅದಕ್ಕಿಂತ ಬಹಳ ತುಟ್ಟಿಯ ಕಾಯಿಲನ್ನು ಕಳೆದುಕೊಳ್ಳುವುದು ಹೀಗೆ.

ಲಕ್ಷಣಗಳು

ಗಾಡಿ ನಿಂತಲ್ಲೇ ನಡುಗುವುದು, ಏರಿನಲ್ಲಿ ಅಥವಾ ಹೇರು ತುಂಬಿದಾಗ ಜಗ್ಗಿ ಜಗ್ಗಿ ಹೋಗುವುದು, ಹೊಗೆಕೊಳವಿಯಿಂದ ಹಸಿ ಪೆಟ್ರೋಲಿನ ವಾಸನೆ ಬರುವುದು, ಪೆಟ್ರೋಲು ಹೆಚ್ಚು ಕುಡಿಯುವುದು, ಇವು ಮುಖ್ಯ ಗುರುತುಗಳು. ಸಿ.ಎನ್.ಜಿ.ಯನ್ನು ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಆದುದರಿಂದ ಪೆಟ್ರೋಲಿನ ಮೇಲೆ ನೆಟ್ಟಗೆ ಓಡುವ ಗಾಡಿ ಸಿ.ಎನ್.ಜಿ.ಗೆ ಹಾಕಿದೊಡನೆ ತಡವರಿಸಿದರೆ ಮೊದಲು ಪ್ಲಗ್ಗಿನ ಮೇಲೆಯೇ ಸಂಶಯಪಡಬೇಕು.

ಮೋರೆಯ ಮುಂದಿನ ಫಲಕದಲ್ಲಿ ಎಂಜಿನಿನ ಚಿತ್ರವಿರುವ ಹಳದಿ ದೀಪ ಹತ್ತಿದರೆ ತಪಾಸಣೆ ಮಾಡಿಸಬೇಕು. ಅದೇ ದೀಪ ಮಿಣುಕುಮಿಣುಕು ಮಾಡತೊಡಗಿದರೆ ಅಪಾಯ ಹೆಚ್ಚೆಂದು ತಿಳಿಯಬೇಕು. ಉರಿಯದ ಪೆಟ್ರೋಲು ಹೊಗೆಕೊಳವಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸಿಬಿಡಬಲ್ಲದು. ಆ ಭಾಗ ಬಹಳ ತುಟ್ಟಿ. ಕೆಂಪಗೆ ಕಾದ ಆ ಕೊಳವಿಯ ಕೆಳಗೆ ಒಣ ಹುಲ್ಲೋ ಕಣಿಕೆಯೋ ಇದ್ದರೆ ಬೆಂಕಿಯ ಭಯವೂ ಉಂಟು. ಅಂಥ ಸಮಯದಲ್ಲಿ ಕಣದ ಹತ್ತಿರ, ಬಣವೆಯ ಹತ್ತಿರ ಗಾಡಿ ನಿಲ್ಲಿಸಲೇಬಾರದು.

ತಪ್ಪುತ್ತಿರುವ ಸಿಲಿಂಡರು ಯಾವುದು?

ಗ್ಯಾರೇಜಿನ ಸ್ಕ್ಯಾನರು ಹಚ್ಚಿದರೆ ಗಾಡಿಯ ಗಣಕವೇ ಒಂದು ಅಂಕೆ ತೋರಿಸುತ್ತದೆ. 'ಪಿ 0301' ಎಂದರೆ ಒಂದನೆಯ ಸಿಲಿಂಡರು, 'ಪಿ 0302' ಎಂದರೆ ಎರಡನೆಯದು. ಹೀಗೆ ಕೊನೆಯ ಅಂಕೆಯೇ ಸಿಲಿಂಡರಿನ ಗುರುತು. 'ಪಿ 0300' ಎಂದರೆ ಯಾವುದೊಂದೂ ಅಲ್ಲದೆ ಅಲ್ಲಲ್ಲಿ ತಪ್ಪುತ್ತಿದೆ ಎಂದರ್ಥ. ಎಣಿಕೆಯು ಸಾಮಾನ್ಯವಾಗಿ ಬೆಲ್ಟು ಇರುವ ಬದಿಯಿಂದ ಆರಂಭವಾಗುತ್ತದೆ.

ಆದರೆ ಈ ಅಂಕೆ ಸಿಲಿಂಡರನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಕಾಸಿಲ್ಲದ ಉಪಾಯವೊಂದಿದೆ. ಎರಡನೆಯ ಸಿಲಿಂಡರು ತಪ್ಪುತ್ತಿದೆ ಎನ್ನೋಣ. ಅದರ ಕಾಯಿಲನ್ನು ಮೂರನೆಯದರ ಮೇಲಿಟ್ಟು, ಮೂರನೆಯದನ್ನು ಇಲ್ಲಿಗೆ ತಂದು ಕೂಡಿಸಿರಿ. ಹಳೆಯ ಅಂಕೆ ಅಳಿಸಿ ಸ್ವಲ್ಪ ದೂರ ಓಡಿಸಿರಿ. ಈಗ 'ಪಿ 0303' ಬಂದರೆ ರೋಗವು ಕಾಯಿಲಿನ ಜೊತೆಗೇ ಹೋಯಿತು, ಕಾಯಿಲೇ ಕೆಟ್ಟಿದೆ. 'ಪಿ 0302' ಆಗಿಯೇ ಉಳಿದರೆ ಪ್ಲಗ್ಗುಗಳನ್ನು ಹಾಗೆಯೇ ಅದಲುಬದಲು ಮಾಡಿ ನೋಡಿರಿ. ಆಗಲೂ ರೋಗವು ಎರಡರಲ್ಲೇ ನಿಂತರೆ ಕಾಯಿಲೂ ಅಲ್ಲ, ಪ್ಲಗ್ಗೂ ಅಲ್ಲ. ಹೊಸದನ್ನು ಕೊಂಡು ಹಣ ಕಳೆಯಬೇಕಾಗಿಲ್ಲ.

ಸ್ಕ್ಯಾನರು ಸಿಕ್ಕದಿದ್ದರೆ ಎಂಜಿನನ್ನು ನಿಲ್ಲಿಸಿ ಒಂದು ಕಾಯಿಲಿನ ಸಣ್ಣ ಸಾಕೆಟ್ಟನ್ನು ಬಿಚ್ಚಿ, ಕೆಲವೇ ಸೆಕೆಂಡು ಎಂಜಿನು ಹಚ್ಚಿ ನೋಡಬಹುದು. ನಡುಕ ಮೊದಲಿಗಿಂತ ಹೆಚ್ಚಿದರೆ ಆ ಸಿಲಿಂಡರು ಸರಿಯಾಗಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಕೆಲಸ ಬಿಟ್ಟ ಎತ್ತು ಅದೇ. ಎಂಜಿನು ಓಡುತ್ತಿರುವಾಗ ಕಾಯಿಲನ್ನು ಕೈಯಲ್ಲಿ ಹಿಡಿಯುವುದು, ಪ್ಲಗ್ಗು ಹೊರಗಿಟ್ಟು ಕಿಡಿ ನೋಡುವುದು ಬೇಡ. ಸಾವಿರಾರು ವೋಲ್ಟಿನ ಹೊಡೆತ ಬೀಳುತ್ತದೆ; ಪೆಟ್ರೋಲಿನ ಆವಿ ಹೊತ್ತಿಕೊಳ್ಳಲೂಬಹುದು. ಎದೆಯಲ್ಲಿ ಪೇಸ್‌ಮೇಕರ್ ಕೂಡಿಸಿಕೊಂಡವರು ಈ ಕೆಲಸದ ಹತ್ತಿರವೇ ಇರಬಾರದು.

ಬಿಚ್ಚುವ ಕ್ರಮ

ಎಂಜಿನು ಪೂರ್ತಿ ಆರಿರಬೇಕು. ಅಲ್ಯೂಮಿನಿಯಂ ಹೆಡ್ಡು ಕಾದಿರುವಾಗ ಪ್ಲಗ್ಗು ತಿರುಗಿಸಿದರೆ ಅದರ ಮರೆಗಳು ಕಿತ್ತುಹೋಗಬಹುದು. ಬ್ಯಾಟರಿಯ ಋಣ ತಂತಿಯನ್ನು ತೆಗೆದಿಡಿರಿ. ಕಾಯಿಲಿನ ಸಾಕೆಟ್ಟನ್ನು ಅದರ ಚಿಲಕ ಒತ್ತಿ ತೆಗೆಯಬೇಕು, ತಂತಿ ಹಿಡಿದು ಜಗ್ಗಬಾರದು. ನಂತರ ಬೋಲ್ಟು ಬಿಚ್ಚಿ ಕಾಯಿಲನ್ನು ಸ್ವಲ್ಪ ಹೊರಳಿಸುತ್ತ ನೇರವಾಗಿ ಮೇಲಕ್ಕೆತ್ತಿರಿ.

ಕಾಯಿಲು ತೆಗೆದೊಡನೆ ಆ ಕುಳಿಯೊಳಗೆ ಬ್ಯಾಟರಿ ಹಾಕಿ ನೋಡಿರಿ. ಧೂಳಿದ್ದರೆ ಸೈಕಲ್ ಪಂಪಿನಿಂದ ಊದಿ ತೆಗೆಯಬೇಕು. ಇಲ್ಲವಾದರೆ ಪ್ಲಗ್ಗು ಬಿಚ್ಚಿದೊಡನೆ ಮರಳು ಸಿಲಿಂಡರಿನೊಳಕ್ಕೆ ಬೀಳುತ್ತದೆ. ಕುಳಿಯಲ್ಲಿ ಎಂಜಿನ್ ಎಣ್ಣೆ ನಿಂತಿದ್ದರೆ ಮೇಲಿನ ಮುಚ್ಚಳದ ಸೀಲು ಸೋರುತ್ತಿದೆ ಎಂದರ್ಥ. ಎಣ್ಣೆಯು ಕಾಯಿಲಿನ ರಬ್ಬರನ್ನು ಕೆಡಿಸುತ್ತದೆ. ಸೀಲು ಬದಲಿಸದೆ ಹೊಸ ಕಾಯಿಲು ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಪ್ಲಗ್ಗು ಹೇಳುವ ಕಥೆ

ಬಿಚ್ಚಿದ ಪ್ಲಗ್ಗುಗಳನ್ನು ಸಿಲಿಂಡರಿನ ಸರದಿಯಲ್ಲೇ ಸಾಲಾಗಿ ಇಡಿರಿ. ತುದಿಯು ತಿಳಿ ಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ಎಂಜಿನು ಆರೋಗ್ಯವಾಗಿದೆ. ಒಣ ಕರಿ ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚಾಗಿ ಅಥವಾ ಗಾಳಿ ಕಡಿಮೆಯಾಗಿ ಬರುತ್ತಿದೆ. ಏರ್ ಫಿಲ್ಟರು ಧೂಳಿನಿಂದ ಕಟ್ಟಿರಬಹುದು. ಎಣ್ಣೆಯ ಜಿಡ್ಡು ಇದ್ದರೆ ರಿಂಗೋ ವಾಲ್ವಿನ ಸೀಲೋ ಸವೆದಿದೆ. ಬಿಳಿಚಿ ಬೊಬ್ಬೆಯೆದ್ದಿದ್ದರೆ ಕಾವು ಮಿತಿಮೀರಿದೆ. ಪೆಟ್ರೋಲಿನಿಂದ ತೊಯ್ದಿದ್ದರೆ ಅಲ್ಲಿ ಕಿಡಿಯೇ ಬಿದ್ದಿಲ್ಲ. ಬಿಳಿಯ ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದ್ದರೆ ಕರೆಂಟು ತುದಿಗೆ ಹೋಗದೆ ಹೊರಗಿನಿಂದಲೇ ಜಿಗಿಯುತ್ತಿದೆ. ಆಗ ಪ್ಲಗ್ಗನ್ನೂ ಕಾಯಿಲಿನ ರಬ್ಬರನ್ನೂ ಕೂಡಿಯೇ ಬದಲಿಸಬೇಕು.

ಹೊಸದನ್ನು ಕೊಳ್ಳುವಾಗ

ನಿಕ್ಕಲ್ ಮೊನೆಯ ಸಾಧಾರಣ ಪ್ಲಗ್ಗು ಸುಮಾರು 30 ಸಾವಿರ ಕಿಲೋಮೀಟರು ಬಾಳುತ್ತದೆ. ಇರಿಡಿಯಂ ಮೊನೆಯದು ಬೆಲೆಯಲ್ಲಿ ಹೆಚ್ಚು, ಆದರೆ ಒಂದು ಲಕ್ಷ ಕಿಲೋಮೀಟರಿನ ಹತ್ತಿರ ಹೋಗುವುದುಂಟು. ಯಾವುದೇ ಆಗಲಿ, ಗಾಡಿಯ ಕೈಪುಸ್ತಕದಲ್ಲಿ ಕೊಟ್ಟಿರುವ ಸಂಖ್ಯೆಯದನ್ನೇ ಕೇಳಬೇಕು. ನೋಡಲು ಒಂದೇ ತೆರನಾಗಿದ್ದರೂ ಮರೆಯ ಉದ್ದ, ಕಾವು ತಡೆಯುವ ದರ್ಜೆ ಬೇರೆ ಇರುತ್ತವೆ. ಎನ್.ಜಿ.ಕೆ. ಪ್ಲಗ್ಗಿನಲ್ಲಿ ದರ್ಜೆಯ ಅಂಕೆ ಏರಿದಷ್ಟೂ ಪ್ಲಗ್ಗು ತಣ್ಣನೆಯದು; ಬಾಷ್ ಪ್ಲಗ್ಗಿನಲ್ಲಿ ಏರಿದಷ್ಟೂ ಬಿಸಿಯದು. ಆದ್ದರಿಂದ ಒಂದರ ಅಂಕೆ ನೋಡಿ ಇನ್ನೊಂದನ್ನು ಕೊಳ್ಳಬಾರದು.

ಪ್ಲಗ್ಗುಗಳನ್ನು ಒಟ್ಟಿಗೇ ಬದಲಿಸುವುದು ಒಳ್ಳೆಯದು, ಎಲ್ಲವೂ ಸಮನಾಗಿ ಸವೆದಿರುತ್ತವೆ. ಕಾಯಿಲುಗಳ ಮಾತು ಹಾಗಲ್ಲ. ಕೆಟ್ಟದ್ದು ಒಂದೆಂದು ಮೇಲಿನ ಪರೀಕ್ಷೆಯಿಂದ ಗೊತ್ತಾದರೆ ಒಂದನ್ನೇ ಬದಲಿಸಿದರೆ ಸಾಕು. ನಾಲ್ಕನ್ನೂ ತೆಗೆದುಕೊಳ್ಳಿರಿ ಎಂದವರನ್ನು 'ಏಕೆ?' ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ. ತೆಗೆದ ಹಳೆಯ ಸಾಮಾನನ್ನು ಕೈಗೆ ಕೇಳಿ ಪಡೆಯಬೇಕು. ರಸೀದಿ, ಮೂಲ ಡಬ್ಬಿ ನೋಡಿಯೇ ಕೊಳ್ಳಬೇಕು. ನಕಲಿ ಪ್ಲಗ್ಗು ಪೇಟೆಯಲ್ಲಿ ಇಲ್ಲದಿಲ್ಲ.

ಕೂಡಿಸುವ ಕ್ರಮ

ಹೊಸ ಪ್ಲಗ್ಗಿನ ಸಂದನ್ನು ಗೇಜಿನಿಂದ ಅಳೆದು ನೋಡಿರಿ. ಇರಿಡಿಯಂ ಮೊನೆ ಬಹಳ ಸೂಕ್ಷ್ಮವಾದ್ದರಿಂದ ಅದನ್ನು ಬಗ್ಗಿಸಲು ಹೋಗಬಾರದು. ಪ್ಲಗ್ಗಿನ ತಲೆಗೆ ಒಂದು ಗೇಣು ರಬ್ಬರ್ ನಳಿಗೆ ಸಿಕ್ಕಿಸಿ, ಅದನ್ನು ಕುಳಿಗಿಳಿಸಿ ಬೆರಳಿನಿಂದ ತಿರುಗಿಸಬೇಕು. ಮರೆ ಸೊಟ್ಟ ಕೂತರೆ ನಳಿಗೆಯೇ ಜಾರುತ್ತದೆ. ಹೆಡ್ಡು ಹಾಳಾಗದೆ ಉಳಿಯುತ್ತದೆ. ಮೊದಲಿನಿಂದಲೇ ಪಾನಾ ಹಚ್ಚುವ ಅವಸರ ಬೇಡ.

ಕೊನೆಯ ಬಿಗಿತವನ್ನು ಟಾರ್ಕ್ ಪಾನಾದಿಂದ ಕೈಪುಸ್ತಕ ಹೇಳಿದಷ್ಟೇ ಕೊಡಬೇಕು. ಅದು ಇಲ್ಲದಾಗ, 14 ಮಿಲಿಮೀಟರ್ ಮರೆಯ, ವಾಶರು ಇರುವ ಹೊಸ ಪ್ಲಗ್ಗನ್ನು ಬೆರಳಿಗೆ ಬಿಗಿಯಾದ ಮೇಲೆ ಅರ್ಧ ಸುತ್ತಿನಿಂದ ಮೂರರಲ್ಲಿ ಎರಡು ಪಾಲು ಸುತ್ತಿನವರೆಗೆ ತಿರುಗಿಸಿದರೆ ಸಾಕು. ತೋಳಿನ ಬಲ ತೋರಿಸುವ ಜಾಗ ಇದಲ್ಲ. ಕಾಯಿಲನ್ನು 'ಟಕ್' ಎಂದು ಕೂರುವವರೆಗೆ ಒತ್ತಿ, ಬೋಲ್ಟು ಹಾಕಿ, ಸಾಕೆಟ್ಟು ಸಿಕ್ಕಿಸಿ, ಕಡೆಗೆ ಬ್ಯಾಟರಿ ತಂತಿ ಜೋಡಿಸಿರಿ.

ಇಷ್ಟಾದರೂ ಹೋಗದಿದ್ದರೆ

ಪೆಟ್ರೋಲು ಚಿಮುಕಿಸುವ ಇಂಜೆಕ್ಟರು ಕಟ್ಟಿರಬಹುದು, ಗಾಳಿಯ ನಳಿಗೆ ಬಿರಿದಿರಬಹುದು, ಇಲಿ ತಂತಿ ಕಡಿದಿರಬಹುದು, ಇಲ್ಲವೆ ವಾಲ್ವು ಸುಟ್ಟು ಅದುಮುವ ಬಲ ಕುಗ್ಗಿರಬಹುದು. ಇನ್ನೊಂದು ಕಾರಣ ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ನಮ್ಮ ಕಬ್ಬಿನಿಂದಲೂ ಅದನ್ನು ತಯಾರಿಸುತ್ತಾರೆ. ಎಥನಾಲು ನೀರನ್ನು ಎಳೆದುಕೊಳ್ಳುವ ವಸ್ತು. ನೀರು ಹೆಚ್ಚಾದರೆ ಎರಡೂ ಕೂಡಿ ಟಾಕಿಯ ತಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಎಬ್ಬಿಸಿದಾಗ ತಡವರಿಸಿದರೆ ಇದನ್ನು ಮರೆಯಬಾರದು. ಈ ಪರೀಕ್ಷೆಗಳನ್ನು ತಿಳಿದ ಮೇಸ್ತ್ರಿಗೇ ಬಿಡತಕ್ಕದ್ದು.

ಔಷಧಿ ಹೊಡೆಯುವ ಪೆಟ್ರೋಲ್ ಪಂಪು, ಕಳೆ ತೆಗೆಯುವ ಯಂತ್ರಗಳಲ್ಲಿಯೂ ಇಂಥದೇ ಒಂದು ಪ್ಲಗ್ಗು ಇರುತ್ತದೆ. ಅದನ್ನು ಬಿಚ್ಚಿ, ನೋಡಿ, ಸರಿಯಾದ ಸಂಖ್ಯೆಯದನ್ನು ಹಾಕಿ ಕೈ ಪಳಗಿಸಿಕೊಂಡವನಿಗೆ ವ್ಯಾನಿನ ಕೆಲಸ ಕಷ್ಟವಾಗದು. ಪ್ಲಗ್ಗು ಹಾಕಿದ ದಿನ, ಆ ದಿನದ ಕಿಲೋಮೀಟರು, ಪ್ಲಗ್ಗಿನ ಸಂಖ್ಯೆ, ಈ ಮೂರನ್ನು ಮನೆಯ ಖರ್ಚಿನ ವಹಿಯಲ್ಲಿ ಬರೆದಿಟ್ಟರೆ ಮುಂದಿನ ಸಲ ಯಾವಾಗ ಬದಲಿಸಬೇಕೆಂಬುದನ್ನು ಆ ವಹಿಯೇ ಹೇಳುತ್ತದೆ.